ಅರಸಾಕ್ ಚಿತ್ರಗಳು: ಹಲ್ಲುಜ್ಜಲು ಸರಿ, ನಮ್ಮ ಬಚ್ಚಲಿಗೆ ಸಾಲವು

ಆಟಿಸಂ, ಡೌನ್ ಸಿಂಡ್ರೋಮ್ ಅಥವಾ ಬೌದ್ಧಿಕ ವೈಕಲ್ಯ ಇರುವವರಿಗೆ ದಿನದ ಕೆಲಸವನ್ನು ಹಂತ ಹಂತವಾಗಿ ತೋರಿಸುವ ಚಿತ್ರಪಟ್ಟಿ ಮಾಡಬೇಕೆಂದರೆ, ಇಂಟರ್ನೆಟ್ಟಿನಲ್ಲಿ ದುಡ್ಡಿಲ್ಲದೆ ಸಿಗುವ ಚಿತ್ರಸಂಗ್ರಹಗಳಲ್ಲಿ ಅರಸಾಕ್ (ARASAAC) ಬಲು ಒಳ್ಳೆಯದು. ಇದು ಸ್ಪೇನಿನ ಅರಗಾನ್ ಪ್ರದೇಶದ ಸರ್ಕಾರದ ಸೊತ್ತು. ಚಿತ್ರ ಬರೆದವರು ಸೆರ್ಹಿಯೊ ಪಲಾವೊ. ಮನೆ, ಶಾಲೆಗಳಲ್ಲಿ ಧಾರಾಳವಾಗಿ ಬಳಸಬಹುದು. ಮಾರುವಂತಿಲ್ಲ, ಮುದ್ರಿಸಿದ ಹಾಳೆಯ ಮೂಲೆಯಲ್ಲಿ ಪಲಾವೊ, ಅರಸಾಕ್, ಅರಗಾನ್ ಸರ್ಕಾರದ ಹೆಸರು ಮತ್ತು ಪರವಾನಗಿ (CC BY-NC-SA) ಇರಬೇಕು.

ಗೆರೆ ದಪ್ಪ, ಹಿನ್ನೆಲೆ ಖಾಲಿ. ಇಳಿಸಿಕೊಳ್ಳುವ ಮುಂಚೆ ಮೈಬಣ್ಣ, ಕೂದಲ ಬಣ್ಣ ಬದಲಿಸಿಕೊಳ್ಳುವ ಅನುಕೂಲವಿದೆ. ಅದನ್ನು ತಪ್ಪದೆ ಮಾಡಿ, ಚಿತ್ರದಲ್ಲಿರುವುದು ತಾನೇ ಎಂದು ಗುರುತಿಸಲು ಸುಲಭವಾಗುತ್ತದೆ.

ಹಲ್ಲುಜ್ಜುವ ಪಟ್ಟಿಗೆ ಎಂಟು ಕಾರ್ಡು ಸಾಕು: ಬ್ರಷ್ ತೆಗೆದುಕೋ, ಒದ್ದೆ ಮಾಡು, ಪೇಸ್ಟ್ ಹಾಕು, ಉಜ್ಜು, ಉಗುಳು, ಬಾಯಿ ಮುಕ್ಕಳಿಸು, ಬ್ರಷ್ ತೊಳೆ, ಜಾಗದಲ್ಲಿಡು. ಪಟ್ಟಿ ಕೆಡುವುದು ಎರಡೇ ಕಡೆ. ಮೊದಲನೆಯದು ಪೇಸ್ಟು. 'ಪೇಸ್ಟ್ ಹಾಕು' ಎಂಬ ಚಿತ್ರ ಎಷ್ಟು ಹಾಕಬೇಕೆಂದು ಹೇಳುವುದಿಲ್ಲ, ಟ್ಯೂಬು ಹಿಂಡುತ್ತಲೇ ಇರುತ್ತಾರೆ. ಅಲ್ಲಿ ಚಿತ್ರ ಬಿಟ್ಟು ಮನೆಯದೇ ಬ್ರಷ್ ಮೇಲೆ ಬಟಾಣಿ ಕಾಳಿನಷ್ಟು ಪೇಸ್ಟ್ ಇಟ್ಟು, ಹತ್ತಿರದಿಂದ ಫೋಟೊ ತೆಗೆದು ಅಂಟಿಸಿ. ಎರಡನೆಯದು 'ಉಜ್ಜು'. ಎರಡು ಸಲ ಕೈಯಾಡಿಸಿದರೂ ಉಜ್ಜಿದಂತೆಯೇ ಲೆಕ್ಕ. ಪಕ್ಕದಲ್ಲಿ ಎರಡು ನಿಮಿಷದ ಮರಳು ಗಡಿಯಾರ ಇಡಿ. ಅದೂ ಸಾಲದಿದ್ದರೆ ಆ ಒಂದು ಕಾರ್ಡನ್ನು ಮೇಲೆ ಎಡ, ಮೇಲೆ ಬಲ, ಕೆಳಗೆ ಎಡ, ಕೆಳಗೆ ಬಲ ಎಂದು ನಾಲ್ಕಾಗಿ ಒಡೆಯಿರಿ.

ಸ್ನಾನಕ್ಕೆ ಬಂದರೆ ಕತೆಯೇ ಬೇರೆ. ಹುಡುಕಿದರೆ ಟಬ್ಬು, ಶವರು ಕಾಣುತ್ತವೆ. ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಹುಯ್ದುಕೊಳ್ಳುವವರಿಗೆ ಶವರಿನ ಚಿತ್ರ ಹಿಡಿದರೆ ಅದು ಸೂಚನೆಯೇ ಆಗುವುದಿಲ್ಲ, ಬರೀ ಗೊಂದಲ. ಸೋಪು ಹಚ್ಚು, ಟವೆಲಿನಲ್ಲಿ ಒರೆಸಿಕೋ ಎಂಬಂಥ ಕ್ರಿಯೆಗಳಿಗೆ ಅರಸಾಕ್ ಚಿತ್ರ, ಬಕೆಟ್ಟು, ಚೊಂಬು, ನಲ್ಲಿಗಳಿಗೆ ನಿಮ್ಮ ಬಚ್ಚಲಿನದೇ ಫೋಟೊ: ಈ ಬೆರಕೆಯೇ ಸರಿ. ಗೆರೆಚಿತ್ರ ಇನ್ನೂ ಅರ್ಥವಾಗದವರಿಗೆ ಎಲ್ಲವೂ ಫೋಟೊ ಆಗಲಿ. ಫೋಟೊವೂ ಅರ್ಥವಾಗದಿದ್ದರೆ ಸೋಪು, ಟವೆಲುಗಳನ್ನೇ ಸಾಲಾಗಿ ಜೋಡಿಸಿಡಿ.

ಚಿತ್ರದ ಮೇಲೆ ಗೀಟು ಎಳೆದು 'ಬೇಡ' ಎಂದು ತೋರಿಸುವ ಸೌಲಭ್ಯವೂ ಇದೆ. ದಿನಚರಿ ಪಟ್ಟಿಯಲ್ಲಿ ಅದನ್ನು ಬಳಸಬೇಡಿ. ಗೀಟಿನ ಅರ್ಥ ತಿಳಿಯದವರಿಗೆ ಕಾಣುವುದು ಕೆಳಗಿನ ಚಿತ್ರ ಮಾತ್ರ, ಅದನ್ನೇ ಮಾಡುತ್ತಾರೆ. ನೀರು ಚೆಲ್ಲಬೇಡ ಎನ್ನುವ ಬದಲು ನಲ್ಲಿ ನಿಲ್ಲಿಸುವ ಕೈಯನ್ನು ತೋರಿಸಿ.

ಕಾರ್ಡು ಐದು ಸೆಂಟಿಮೀಟರ್ ಚೌಕ ಇರಲಿ, ಎ4 ಹಾಳೆಗೆ ಇಪ್ಪತ್ತು ಬರುತ್ತವೆ. ಹೆಸರನ್ನು ಕನ್ನಡದಲ್ಲಿ ನೀವೇ ಬರೆಯಿರಿ, ಮನೆಯಲ್ಲಿ ಆಡುವ ಮಾತಿನಲ್ಲೇ. ಅಮ್ಮ 'ಮುಕ್ಕಳಿಸು' ಎಂದು, ಅಜ್ಜಿ 'ಗುಳುಗುಳು ಮಾಡು' ಎಂದು ಹೇಳುತ್ತಿದ್ದರೆ ಮೊದಲು ಇಬ್ಬರೂ ಒಂದು ಮಾತಿಗೆ ಬರಲಿ. ಕಾರ್ಡುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿದ ಮೇಲೆ ಲ್ಯಾಮಿನೇಷನ್ ಮಾಡಿಸಿ, ಸುತ್ತ ನಾಲ್ಕೈದು ಮಿಲಿಮೀಟರ್ ಪ್ಲಾಸ್ಟಿಕ್ ಅಂಚು ಉಳಿಸಿ. ಹಾಳೆಯನ್ನು ಇಡಿಯಾಗಿ ಲ್ಯಾಮಿನೇಟ್ ಮಾಡಿ ಆಮೇಲೆ ಕತ್ತರಿಸಿದರೆ ಕತ್ತರಿಸಿದ ಅಂಚಿನಿಂದ ನೀರು ಒಳಗಿಳಿದು ಕಾಗದ ಉಬ್ಬುತ್ತದೆ. ಹೊಳಪಿನ ಹಾಳೆ ದೀಪದ ಬೆಳಕಿಗೆ ಕಣ್ಣು ಕುಕ್ಕುತ್ತದೆ, ಮ್ಯಾಟ್ ಸಿಕ್ಕರೆ ಅದನ್ನೇ ಆರಿಸಿ. ಕಾರ್ಡು ಅಂಟಿಸಲು ವೆಲ್ಕ್ರೊ ಪಟ್ಟಿ ಅಡುಗೆಮನೆ, ಕೋಣೆಗಳಿಗೆ ಸರಿ. ಬಚ್ಚಲಿನ ಹಬೆಗೆ ಅದರ ಅಂಟು ಬಿಡುತ್ತದೆ. ಅಲ್ಲಿ ಮೇಲಂಚನ್ನು ಇನ್ನಷ್ಟು ಅಗಲ ಬಿಟ್ಟು, ತೂತು ಹೊಡೆದು ಉಂಗುರಕ್ಕೆ ಪೋಣಿಸಿ ನೇತುಹಾಕಿ. ಒಂದು ಹಂತ ಮುಗಿದ ಕೂಡಲೇ ಅವರೇ ಆ ಕಾರ್ಡನ್ನು ಮಗುಚಲಿ.

ಪಟ್ಟಿ ತಂದು ಗೋಡೆಗೆ ಹಾಕಿದ ಮಾತ್ರಕ್ಕೆ ಕೆಲಸ ನಡೆಯುವುದಿಲ್ಲ. ಹಿಂದೆ ನಿಲ್ಲಿ, ಬಾಯಿ ಕಟ್ಟಿಕೊಳ್ಳಿ. ಐದು ಸೆಕೆಂಡು ಕಾಯಿರಿ. ಕೈ ಮುಂದೆ ಬರದಿದ್ದರೆ ಕಾರ್ಡಿನತ್ತ ಬೆರಳು ತೋರಿಸಿ. ಆಗಲೂ ಆಗದಿದ್ದರೆ ಮೊಣಕೈಯನ್ನು ಮೆಲ್ಲಗೆ ಮುಟ್ಟಿ, ಕೊನೆಗೆ ಕೈ ಹಿಡಿದು ಮಾಡಿಸಿ. ಪ್ರತಿ ಹಂತಕ್ಕೂ 'ಈಗ ಉಗುಳು, ಈಗ ತೊಳಿ' ಎಂದು ಹೇಳುತ್ತಾ ಹೋದರೆ ಅವರು ಕಾಯುವುದು ನಿಮ್ಮ ದನಿಗೆ, ಚಿತ್ರಕ್ಕಲ್ಲ. ನೀವು ಸುಮ್ಮನಾದ ದಿನ ಬ್ರಷ್ ಕೈಯಲ್ಲೇ ನಿಲ್ಲುತ್ತದೆ. ಮಾತಿನ ಸೂಚನೆಯನ್ನು ಬಿಡಿಸುವುದು ಬೆರಳಿನ ಸೂಚನೆಯನ್ನು ಬಿಡಿಸುವುದಕ್ಕಿಂತ ಕಷ್ಟ, ಆದ್ದರಿಂದ ಮೊದಲ ದಿನದಿಂದಲೇ ಅದನ್ನು ಕಡಿಮೆ ಮಾಡಿ.