ಬೇಗಡೆಗೆ ಸ್ಪ್ಲಾಟ್, ಮುರಕಲ್ಲಿಗೆ ಮೆಷ್

ಒಂದು ವಸ್ತುವಿನ ಸುತ್ತಲೂ ಫೋಟೊ ತೆಗೆದು, ಅವುಗಳಿಂದ ಕಂಪ್ಯೂಟರಿನಲ್ಲಿ ಮೂರು ಆಯಾಮದ ಪ್ರತಿ ಮಾಡಲು ಈಗ ಮುಖ್ಯವಾಗಿ ಎರಡು ದಾರಿಗಳಿವೆ. ಹಳೆಯದು ಫೋಟೊಗ್ರಾಮೆಟ್ರಿ. ಹೊಸದು ಗಾಸಿಯನ್ ಸ್ಪ್ಲಾಟಿಂಗ್. 2023ರಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ತಂಡ ಇದನ್ನು ಮುಂದಿಟ್ಟ ಮೇಲೆ ಹಳೆಯದರ ಕತೆ ಮುಗಿಯಿತು ಎನ್ನುವವರೇ ಹೆಚ್ಚು. ಅವರು ತೋರಿಸುವ ಮಾದರಿಗಳೋ, ಸೈಕಲ್ ಮತ್ತು ಹೂಕುಂಡ. ನಾನು ಕಾಸರಗೋಡಿನವನು, ನನಗೆ ಬೇಕಿದ್ದದ್ದು ತೆಂಕುತಿಟ್ಟು ಯಕ್ಷಗಾನದ ಒಂದು ಕೇಸರಿತಟ್ಟಿ ಎಂಬ ಕಿರೀಟ ಮತ್ತು ಬೇಕಲ ಕೋಟೆಯ ಗೋಡೆಯ ಒಂದು ಭಾಗ. ಎರಡನ್ನೂ ಎರಡು ವಿಧಾನದಲ್ಲಿಯೂ ಮಾಡಿ ನೋಡಿದೆ.

ರಾಕ್ಷಸ ಪಾತ್ರದ ಬಣ್ಣದ ವೇಷ ರಂಗಕ್ಕೆ ಬಂದಾಗ ತಲೆಯ ಸುತ್ತ ಹರಡಿ ನಿಲ್ಲುವ ಆ ತಟ್ಟಿ ಸ್ಕ್ಯಾನ್ ಮಾಡುವವನಿಗೆ ಶತ್ರು. ಮೈತುಂಬ ಬೇಗಡೆ, ಅಂದರೆ ಹೊಳೆಯುವ ತೆಳು ತಗಡು, ನಡುನಡುವೆ ಕನ್ನಡಿ ಚೂರು. ಫೋಟೊಗ್ರಾಮೆಟ್ರಿ ನಡೆಯುವುದು ಒಂದೇ ನಂಬಿಕೆಯ ಮೇಲೆ: ಈ ಫೋಟೊದಲ್ಲಿ ಕಂಡ ಚುಕ್ಕೆ ಆ ಫೋಟೊದಲ್ಲಿಯೂ ವಸ್ತುವಿನ ಮೇಲೆ ಅದೇ ಜಾಗದಲ್ಲಿರುತ್ತದೆ. ಬೇಗಡೆಯ ಹೊಳಪು ಹಾಗಲ್ಲ, ಕ್ಯಾಮೆರಾ ಒಂದು ಗೇಣು ಸರಿದರೆ ಅದೂ ಸರಿಯುತ್ತದೆ. ತಂತ್ರಾಂಶ ಆ ಹೊಳಪನ್ನೇ ಚುಕ್ಕೆಯೆಂದು ಹಿಡಿದು ಲೆಕ್ಕ ಹಾಕುತ್ತದೆ. ಬಂದ ಮೆಷ್‌ನಲ್ಲಿ, ಅಂದರೆ ಸಣ್ಣ ತ್ರಿಕೋನಗಳನ್ನು ಹೆಣೆದು ಮಾಡಿದ ಮೇಲ್ಮೈಯಲ್ಲಿ, ತಟ್ಟಿಯ ಅಂಚು ಸರಿಯಾಗಿತ್ತು, ನಡುವಿನ ಭಾಗವೆಲ್ಲ ಗೆದ್ದಲು ತಿಂದ ಹಲಗೆಯಾಗಿತ್ತು. ಕನ್ನಡಿ ಇದ್ದಲ್ಲೆಲ್ಲ ತೂತು.

ಇದಕ್ಕೆ ಮದ್ದಿಲ್ಲವೆಂದಲ್ಲ. ಹೊಳೆಯುವ ವಸ್ತುವಿನ ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆದು ಸ್ಕ್ಯಾನ್ ಮಾಡುವ ಪದ್ಧತಿ ಕಾರ್ಖಾನೆಗಳಲ್ಲಿದೆ; ವೇಷ ಕಟ್ಟುವ ಚೌಕಿಯಲ್ಲಿ ಆ ಮಾತೆತ್ತಿದರೆ ತಟ್ಟಿಯನ್ನು ಮುಟ್ಟಲೂ ಬಿಡಲಿಕ್ಕಿಲ್ಲ. ಇನ್ನೊಂದು, ದೀಪದ ಮುಂದೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರೈಸಿಂಗ್ ಹಾಳೆ, ಲೆನ್ಸಿನ ಮುಂದೆ ಅದಕ್ಕೆ ಅಡ್ಡಲಾಗಿ ತಿರುಗಿಸಿದ ಪೋಲರೈಸಿಂಗ್ ಫಿಲ್ಟರ್. ಹೊಳಪು ಪೂರ್ತಿ ಅಡಗಿತು, ಆಕಾರವೂ ಬಹುಮಟ್ಟಿಗೆ ಸರಿಯಾಗಿಯೇ ಬಂತು. ಆದರೆ ಲೋಹದಿಂದ ಮತ್ತು ಕನ್ನಡಿಯಿಂದ ಬರುವ ಬೆಳಕೆಲ್ಲ ಪ್ರತಿಫಲನವೇ. ಅದನ್ನು ತಡೆದರೆ ಉಳಿಯುವುದು ಕಪ್ಪು. ಬೇಗಡೆ ಮಸಿ ಬಣ್ಣಕ್ಕೆ ತಿರುಗಿತು. ತಟ್ಟಿಯ ಒಡೆಯರು ಪರದೆ ನೋಡಿ, "ಇದು ನಮ್ಮದಾ ಅಣ್ಣಾ?" ಎಂದು ಕೇಳಿದರು.

ಸ್ಪ್ಲಾಟಿಂಗ್‌ಗೆ ಹಾಕಿದ್ದು, ಪೋಲರೈಸಿಂಗ್ ಇಲ್ಲದೆ ತೆಗೆದಿದ್ದ ಮೊದಲಿನ ಫೋಟೊಗಳನ್ನೇ. ಪ್ರತಿ ಫೋಟೊ ತೆಗೆದಾಗ ಕ್ಯಾಮೆರಾ ಎಲ್ಲಿತ್ತು ಎಂಬ ಲೆಕ್ಕ ಇಲ್ಲಿಯೂ ಮೊದಲು ಆಗಬೇಕು. ಎರಡಕ್ಕೂ ಕೋಲ್‌ಮ್ಯಾಪ್ ಎಂಬ ಉಚಿತ ತಂತ್ರಾಂಶ ಸಾಕು. ಅಲ್ಲಿಂದ ಮುಂದೆ ದಾರಿ ಬೇರೆ. ಸ್ಪ್ಲಾಟಿಂಗ್‌ನಲ್ಲಿ ಮೇಲ್ಮೈ ಎಂಬುದೇ ಇಲ್ಲ. ಅಂಚು ಮಸುಕಾದ ಲಕ್ಷಾಂತರ ಮೊಟ್ಟೆಯಾಕಾರದ ಬಣ್ಣದ ಕಲೆಗಳು ಗಾಳಿಯಲ್ಲಿ ನಿಂತಿರುತ್ತವೆ, ಮತ್ತು ಪ್ರತಿ ಕಲೆಯೂ ನೋಡುವ ದಿಕ್ಕಿಗೆ ತಕ್ಕಂತೆ ಬಣ್ಣ ಬದಲಿಸಬಲ್ಲದು. ಬೇಗಡೆಗೆ ಬೇಕಿದ್ದದ್ದು ಇದೇ. ಮೌಸ್ ಹಿಡಿದು ತಿರುಗಿಸಿದಾಗ ಹೊಳಪು ಎಡದಿಂದ ಬಲಕ್ಕೆ ಹರಿಯಿತು. ಒಡೆಯರು ಈ ಸಲ ಏನೂ ಕೇಳಲಿಲ್ಲ, ಮೌಸನ್ನು ತಾವೇ ತೆಗೆದುಕೊಂಡರು.

ತಟ್ಟಿಯನ್ನು ಹಿಂದಿನಿಂದ ನೋಡುವವರೆಗೆ ಎಲ್ಲವೂ ಚೆಂದ. ಕನ್ನಡಿ ಚೂರಿನಲ್ಲಿ ಕೋಣೆಯ ಟ್ಯೂಬ್‌ಲೈಟ್ ಕಾಣಿಸುತ್ತದಲ್ಲ, ಅದು ಕನ್ನಡಿಯೊಳಗಿನ ಬಿಂಬ ಎಂದು ತಂತ್ರಾಂಶಕ್ಕೆ ತಿಳಿಯದು. ಕನ್ನಡಿಯ ಆಚೆಗೆ ನಿಜವಾಗಿಯೂ ಒಂದು ಟ್ಯೂಬ್‌ಲೈಟ್ ಇದೆಯೆಂದು ಅಲ್ಲಿ ಕಲೆಗಳನ್ನು ಜೋಡಿಸಿಬಿಡುತ್ತದೆ. ಹಿಂಬದಿಗೆ ಹೋದರೆ ತಟ್ಟಿಯ ಬೆನ್ನಿಗೆ ತುಂಡು ತುಂಡು ಬೆಳಕಿನ ಕೋಲುಗಳು ಅಂಟಿಕೊಂಡಿದ್ದವು. ಸೂಪರ್‌ಸ್ಪ್ಲಾಟ್ ಎಂಬ ಉಚಿತ ಎಡಿಟರಿನಲ್ಲಿ ಅವನ್ನು ಒಂದೊಂದಾಗಿ ಅಳಿಸಬಹುದು, ಆದರೆ ಅಳಿಸಿದಷ್ಟೂ ಮುಂಬದಿಯ ಕನ್ನಡಿ ಕುರುಡಾಗುತ್ತದೆ. ಕೋಣೆಯ ದೀಪ ಆರಿಸಿ ದೊಡ್ಡ ಬಿಳಿ ಬಟ್ಟೆಯ ಮೂಲಕ ಬೆಳಕು ಬಿಟ್ಟು ತೆಗೆದರೆ ಈ ಕಾಟ ಕಡಿಮೆ.

ಕಡತದ ಗಾತ್ರವೂ ಗಮನದಲ್ಲಿರಲಿ. ಮೂಲ ರೂಪದಲ್ಲಿ ಒಂದು ಕಲೆಗೆ 62 ಸಂಖ್ಯೆಗಳು, ಒಂದೊಂದಕ್ಕೆ 4 ಬೈಟ್. ಹತ್ತು ಲಕ್ಷ ಕಲೆಗಳಾದರೆ ಸುಮಾರು 250 ಎಂಬಿ. ಯಾರಿಗಾದರೂ ಕಳಿಸುವುದಿದ್ದರೆ ಮೊದಲು ಕುಗ್ಗಿಸಿಕೊಳ್ಳಿ.

ಇನ್ನು ಬೇಕಲ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದನೆನ್ನುವ ಕೋಟೆ, ಗೋಡೆಯೆಲ್ಲ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಇದರಷ್ಟು ಒಳ್ಳೆಯ ಫೋಟೊಗ್ರಾಮೆಟ್ರಿ ವಸ್ತು ನನಗೆ ಇನ್ನೊಂದು ಸಿಕ್ಕಿಲ್ಲ. ಹೊಳಪಿಲ್ಲ, ಮೈತುಂಬ ಸಣ್ಣ ಹೊಂಡಗಳು, ಒಂದರಂತೆ ಇನ್ನೊಂದಿಲ್ಲ. ಚುಕ್ಕೆ ಹೊಂದಿಸುವ ಲೆಕ್ಕಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು? ಮೋಡ ಕವಿದ ದಿನ ಆರಿಸಿಕೊಳ್ಳಿ. ಮಳೆ ನಿಂತ ತಕ್ಷಣ ಮಾತ್ರ ಬೇಡ, ಒದ್ದೆ ಕಲ್ಲು ಬೇಗಡೆಯ ತಮ್ಮ. ಮೆಷ್‌ನಲ್ಲಿ ಹೊಂಡದ ಅಂಚು ಬೆರಳಿಟ್ಟು ಎಣಿಸುವಷ್ಟು ಚೂಪಾಗಿ ಬಂತು. ಬ್ಲೆಂಡರ್ ಎಂಬ ಮೂರು ಆಯಾಮದ ತಂತ್ರಾಂಶದಲ್ಲಿ ತೆರೆದು ಓರೆಯಾಗಿ ದೀಪ ಇಟ್ಟರೆ ಕಲ್ಲಿನ ನೆರಳು ಆ ದೀಪಕ್ಕೆ ತಕ್ಕಂತೆ ಬೀಳುತ್ತದೆ. ಸಾಮಾನ್ಯ ಸ್ಪ್ಲಾಟ್‌ನಲ್ಲಿ ಇದು ಆಗದು: ತೆಗೆದ ಹೊತ್ತಿನ ಬೆಳಕು ಬಣ್ಣದಲ್ಲಿಯೇ ಸೇರಿಹೋಗಿರುತ್ತದೆ. ಹಗಲಿನ ಕೋಟೆಯನ್ನು ಕಿರುಚಿತ್ರದ ರಾತ್ರಿ ದೃಶ್ಯಕ್ಕೆ ಬಳಸುವವನಿಗೆ ಅದು ಉಪಯೋಗಕ್ಕಿಲ್ಲ. ಗೋಡೆಯ ಬುಡದ ಹುಲ್ಲು ಮಾತ್ರ ಸ್ಪ್ಲಾಟ್‌ನಲ್ಲಿ ಎಸಳೆಸಳಾಗಿ ಬಂತು. ಮೆಷ್‌ನಲ್ಲಿ ಅದು ಹಸಿರು ಸಗಣಿಯ ಮುದ್ದೆ.

ಲೇಸರ್ ಬೆಳಕಿನಿಂದ ದೂರ ಅಳೆಯುವ ಮೊಬೈಲಿನ ಲೈಡಾರ್ ಬಗ್ಗೆಯೂ ಕೇಳುತ್ತಾರೆ. 2020ರಿಂದ ಐಫೋನ್ ಪ್ರೊ ಮಾದರಿಗಳಲ್ಲಿದೆ. ಐದು ಮೀಟರಿನ ಒಳಗಿನ ಕೋಣೆಯ ನಕ್ಷೆಗೆ ಸರಿ, ತಟ್ಟಿಯ ಕೆತ್ತನೆಯ ಮುಂದೆ ಅದರ ಆಟ ನಡೆಯುವುದಿಲ್ಲ.

ಅಳತೆಯ ವಿಷಯದಲ್ಲಿ ಮೆಷ್, ಸ್ಪ್ಲಾಟ್ ಎರಡೂ ಮೊದಲಿಗೆ ಮೂಕ. ಫೋಟೊಗಳಿಂದ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ. ಪಕ್ಕದಲ್ಲಿ ಬಡಗಿಯ ಉಕ್ಕಿನ ಸ್ಕೇಲ್ ಇಟ್ಟೇ ತೆಗೆಯಬೇಕು. ಆಮೇಲೆ ಮೆಷ್‌ನಲ್ಲಿ ತುದಿಯಿಂದ ತುದಿಗೆ ಅಳೆಯಬಹುದು. ಸ್ಪ್ಲಾಟ್‌ನಲ್ಲಿ ಅಂಚು ಎಲ್ಲಿ ಮುಗಿಯಿತೆಂದು ನಾವೇ ತೀರ್ಮಾನಿಸಬೇಕು. ಹಾಗಾಗಿ ಹೊಸ ತಟ್ಟಿ ಕಟ್ಟುವ ಕುಶಲಕರ್ಮಿಗೆ ಆ ಮಸಿ ಬಣ್ಣದ ಮೆಷ್ ಕೊಟ್ಟೆ, ಪ್ರದರ್ಶನದ ಪರದೆಗೆ ಸ್ಪ್ಲಾಟ್ ಕೊಟ್ಟೆ. ವೇಷ ಕಟ್ಟಿ ಚುಟ್ಟಿ (ಅಕ್ಕಿಹಿಟ್ಟಿನ ಬಿಳಿ ಮುಳ್ಳುಗಳು) ಇಟ್ಟ ಮುಖವನ್ನೇ ಹೀಗೆ ಮಾಡಿಕೊಡಿ ಎಂದು ಈಗ ಕೇಳುತ್ತಿದ್ದಾರೆ. ಒಂದೇ ಕ್ಯಾಮೆರಾ ಹಿಡಿದು ಸುತ್ತು ಬರುವಷ್ಟರಲ್ಲಿ ಕಲಾವಿದರು ಕಣ್ಣು ಮಿಟುಕಿಸದೆ ಇರಲಾರರು. ಅದಕ್ಕೆ ಸುತ್ತಲೂ ಕ್ಯಾಮೆರಾಗಳನ್ನು ನಿಲ್ಲಿಸಿ ಎಲ್ಲವನ್ನೂ ಒಂದೇ ಕ್ಷಣಕ್ಕೆ ಒತ್ತಬೇಕು. ಅಷ್ಟು ಕ್ಯಾಮೆರಾಗಳ ಬಾಡಿಗೆ ಯಾರು ಕೊಡುತ್ತಾರೆ ಎಂಬ ಮಾತುಕತೆ ನಡೆಯುತ್ತಿದೆ.