ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿ: ಮುಳುಗಡೆ ಮನೆಯವಳ ಅನುಭವ

ನಮ್ಮ ತಾಲ್ಲೂಕು ಕಚೇರಿ ಎದುರಿಗೆ ಝೆರಾಕ್ಸ್ ಅಂಗಡಿಯೊಂದಿದೆ. ಅದರ ಮೂಲೆಯ ಮೇಜಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕೂತು ಜಮೀನಿನ ಅರ್ಜಿ ಬರೆದುಕೊಡುತ್ತಾರೆ. ನಾನು ಹೋದಾಗ ಕೈಲಿದ್ದದ್ದು ಒಂದೇ ಒಂದು ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಕೊಟ್ಟ ಲಿಖಿತ ಉತ್ತರ. ನಮ್ಮ ಅರಣ್ಯ ಹಕ್ಕಿನ ಅರ್ಜಿ ಉಪವಿಭಾಗ ಸಮಿತಿಯಲ್ಲಿ ವಜಾ ಆಗಿತ್ತು. ಕಾರಣ, '75 ವರ್ಷದ ದಾಖಲೆ ಇಲ್ಲ', ಅಂದರೆ ಮೂರು ತಲೆಮಾರು ಕಾಡನ್ನು ನಂಬಿ ಬಾಳಿದ್ದಕ್ಕೆ ಪುರಾವೆ ಇಲ್ಲ.

ಮೇಷ್ಟ್ರು ಮೊದಲು ನೋಡಿದ್ದು ತಾರೀಕು. "ಇದು ಕೈಗೆ ಸಿಕ್ಕಿ ಎಷ್ಟು ದಿನ ಆಯ್ತು ತಂಗಿ?" 51 ದಿನ ಆಗಿತ್ತು. ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕೋಕೆ ಇರೋದು 60 ದಿನ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ನಮ್ಮದು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯ ಮನೆ. 1964ರಲ್ಲಿ ಅಣೆಕಟ್ಟು ಮುಗಿಯುವ ಮುಂಚೆಯೇ ಅಜ್ಜಯ್ಯ ಗದ್ದೆ ಮನೆ ಬಿಟ್ಟು, ಹಂಚು, ಬಾಗಿಲು, ದನಗಳ ಸಮೇತ ಲಾರಿ ಹತ್ತಿ ಬಂದು ಕಾಡಿನಲ್ಲಿ ಇಳಿದವರು. ಜಂಬಿಟ್ಟಿಗೆ ನೆಲ, ಮಳೆಗಾಲ ಪೂರ್ತಿ ಉಂಬಳ (ಜಿಗಣೆ). ಸರ್ಕಾರವೇ ತೋರಿಸಿದ ಜಾಗ ಅಂತ ಅಜ್ಜಯ್ಯ ಯಾವ ಅರ್ಜಿಯನ್ನೂ ಹಾಕಲಿಲ್ಲ. ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಇವತ್ತಿಗೂ 'ಅರಣ್ಯ' ಅಂತಲೇ ಇದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಆ ನೆಲ ಬಿಟ್ಟುಕೊಡುವ ಹಾಗಿಲ್ಲ. ಮುಳುಗಡೆಯವರಿಗೆಂದು ನೆಲವನ್ನು ಅರಣ್ಯದಿಂದ ಕೈಬಿಟ್ಟು ಹೊರಡಿಸಿದ್ದ ಡಿನೋಟಿಫಿಕೇಶನ್‌ಗಳನ್ನು 2021ರಲ್ಲಿ ಹೈಕೋರ್ಟ್ ರದ್ದು ಮಾಡಿದ್ದೂ ಇದೇ ಕಾರಣಕ್ಕೆ.

2018ರಲ್ಲಿ ಬೇರೆ ಕಡೆ 2,500 ರೂಪಾಯಿ ಕೊಟ್ಟು ನಮೂನೆ 57 ತುಂಬಿಸಿದ್ದೆವು. ಅದು ಬಗರ್‌ಹುಕುಂ ಅರ್ಜಿ, ಅಂದರೆ ಅಪ್ಪಣೆಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಕಂದಾಯ ಭೂಮಿಯನ್ನು ಸಕ್ರಮ ಮಾಡಿಸಿಕೊಳ್ಳೋಕೆ. ಅರಣ್ಯಕ್ಕೆ ಅದು ನಡೆಯೋದಿಲ್ಲ ಅಂತ ತುಂಬಿಕೊಟ್ಟವರು ಹೇಳಲೇ ಇಲ್ಲ. ಮೇಷ್ಟ್ರು ಮಾತ್ರ ಸರ್ವೆ ನಂಬರ್ ನೋಡದೆ ಪೆನ್ನು ಮುಟ್ಟುವವರಲ್ಲ. ಕಂದಾಯವೋ ಅರಣ್ಯವೋ, ಯಾವ ಇಸವಿಯಿಂದ ಸಾಗುವಳಿ, ಎಲ್ಲ ಕೇಳಿ ತಿಳಿದ ಮೇಲೆಯೇ ಯಾವ ಅರ್ಜಿ ಅಂತ ಹೇಳುತ್ತಾರೆ. ನನ್ನ ಮುಂದೆಯೇ ಒಬ್ಬರನ್ನು ವಾಪಸ್ ಕಳಿಸಿದರು. ಅವರು ಕಾಡು ಸವರಿ ತೋಟ ಮಾಡಿದ್ದು 2010ರಲ್ಲಿ. "2005ರ ಡಿಸೆಂಬರ್ 13ಕ್ಕೆ ಮುಂಚಿನದ್ದಾದರೆ ಮಾತ್ರ ಅರಣ್ಯ ಹಕ್ಕು, ಸುಳ್ಳು ಇಸವಿ ನಾನು ಬರೆಯೋದಿಲ್ಲ" ಅಂದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆಗಲೇ.

ಮಾರನೇ ದಿನ ಅಜ್ಜಯ್ಯನ ತಂಗಿಯನ್ನು ಕರೆದುಕೊಂಡು ಬಾ ಅಂದರು. ಅಜ್ಜಿಗೆ 87 ವರ್ಷ, ಮದುವೆಯಾಗಿದ್ದು ಈಗ ನೀರಿನಡಿ ಇರುವ ಆ ಮನೆಯ ಅಂಗಳದಲ್ಲಿ. ಹಿರಿಯರ ಹೇಳಿಕೆಯನ್ನು ಬರಹದಲ್ಲಿ ಕೊಟ್ಟರೆ ಅದೂ ಸಾಕ್ಷ್ಯ ಅಂತ ನಿಯಮದಲ್ಲೇ ಇದೆಯಂತೆ. ಹಳೇ ಬಾವಿ, ಮನೆ, ಸ್ಮಶಾನ, ದೇವರ ಬನವೂ ಸಾಕ್ಷ್ಯವೇ. ನಾವು ಪಹಣಿ ಒಂದನ್ನೇ ಹುಡುಕಿ ಸೋತಿದ್ದೆವು. ಅಜ್ಜಿ ಹೇಳುತ್ತಾ ಹೋದರು, ಮೇಷ್ಟ್ರು ಒಂದೂ ಮಾತು ತಿದ್ದದೆ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡರು. ಮುತ್ತಜ್ಜನ ಹೆಸರಿನ 1928ರ ಕಂದಾಯ ರಸೀದಿ ಟ್ರಂಕಿನಲ್ಲಿ ಸಿಕ್ಕಿತು. 75 ವರ್ಷ ಅಂದರೆ ಕಾಡನ್ನು ನಂಬಿ ಬಾಳಿದ ಲೆಕ್ಕ, ಇದೇ ತುಂಡು ನೆಲದಲ್ಲಿ ಕೂತ ಲೆಕ್ಕವಲ್ಲ, ಎಬ್ಬಿಸಿ ಕಳಿಸಿದ್ದೂ ಸರ್ಕಾರವೇ: ಇದು ಮೇಷ್ಟ್ರು ಬರೆದ ವಾದ. ಮೂರು ಪುಟ, ಎಲ್ಲೂ ಗೋಗರೆತ ಇಲ್ಲ.

ತೆಗೆದುಕೊಂಡದ್ದು 600 ರೂಪಾಯಿ, ಝೆರಾಕ್ಸ್ ಬೇರೆ. ಕೊರತೆಯೂ ಇದೆ. ದುಡ್ಡಿಗೆ ರಸೀದಿ ಕೊಡೋದಿಲ್ಲ, ಕರೆಂಟ್ ಹೋದರೆ ಟೈಪಿಂಗ್ ನಿಂತೇಹೋಗುತ್ತೆ. ಕೂರಲು ಒಂದು ಬೆಂಚೂ ಇಲ್ಲದೆ ಅಜ್ಜಿ ಎರಡು ತಾಸು ಮೆಟ್ಟಿಲ ಮೇಲೆ ಕೂತಿದ್ದರು. ವಯಸ್ಸಾದವರೇ ಹೆಚ್ಚು ಬರುವ ಜಾಗ, ದಯವಿಟ್ಟು ಒಂದು ಬೆಂಚು ಹಾಕಿಸಿ.

57ನೇ ದಿನ ಮೇಲ್ಮನವಿ ಕೊಟ್ಟೆ. ಸೀಲು, ತಾರೀಕು ಇರುವ ಸ್ವೀಕೃತಿ ಪಡೆಯದೆ ಕೌಂಟರ್ ಬಿಟ್ಟು ಕದಲಬೇಡ ಅಂದಿದ್ದರು, ಹಾಗೇ ಮಾಡಿದೆ. ವಿಚಾರಣೆಯ ನೋಟಿಸ್ ಇನ್ನೂ ಬಂದಿಲ್ಲ. ಹೋಗುವವರು ಬೆಳಿಗ್ಗೆ 10ಕ್ಕೆ ಮುಂಚೆ ಹೋಗಿ, ಹಿಂಬರಹದ ಜೊತೆ ಮನೆಯ ಹಳೇ ಟ್ರಂಕಿನಲ್ಲಿರುವ ಕಾಗದವನ್ನೆಲ್ಲ ಒಯ್ಯಿರಿ.