ಹಳೆ ಗಾಡಿಯ ಸ್ಪೀಡೋಮೀಟರ್: ಸ್ಟಿಕ್ಕರೋ, ಡೆಕಾಲೋ, ಹೊಸ ಮೀಟರೋ?

ಡಯಲ್ ಮಾಸಿ ಅಂಕಿ ಕಾಣದಂತಾದಾಗ ಇರುವ ದಾರಿ ಮೂರು. ನನ್ನ ಮತ ಡೆಕಾಲ್‌ಗೆ: ಹಳೆ ತಗಡಿನ ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ಡೆಕಾಲ್ ಅನ್ನು, ಅಂದರೆ ಮುದ್ರಿಸಿದ ತೆಳು ಪೊರೆಯನ್ನು, ನೀರಲ್ಲಿ ನೆನೆಸಿ ಹಾಳೆಯಿಂದ ಜಾರಿಸಿ ಕೂರಿಸುವುದು. ಒಳಗಿನ ಯಂತ್ರ ಹಳೆಯದೇ ಉಳಿಯುತ್ತದೆ.

ಸ್ಟಿಕ್ಕರ್ ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ವಿನೈಲ್ ದಪ್ಪ. ಬಿಸಿಲಿಗೆ ಅಂಚು ಎದ್ದರೆ ಮುಳ್ಳು ಅದಕ್ಕೆ ತಾಗಿ ನಡುವೆಯೇ ನಿಂತುಬಿಡುತ್ತದೆ.

ಹೊಸ ಮೀಟರ್ ಕೊಳ್ಳುವ ಮುನ್ನ ಲೆಕ್ಕ ಹೊಂದುತ್ತದೆಯೇ ನೋಡಿ. ಸ್ಪೀಡೋಮೀಟರಿನಲ್ಲಿ ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತು ಅನ್ನುವುದು ಹಳೆಯದಕ್ಕೆ ಸರಿಹೋಗಬೇಕು. ಪೆಟ್ರೋಲ್ ಮೀಟರನ್ನೂ ಬದಲಿಸುವುದಾದರೆ ಟ್ಯಾಂಕಿನ ಸೆಂಡರ್, ಅಂದರೆ ಪೆಟ್ರೋಲ್ ಮಟ್ಟವನ್ನು ಮೀಟರಿಗೆ ತಿಳಿಸುವ ಭಾಗ, ನೋಡಿ: ಅದು (ಖಾಲಿಯಿಂದ ತುಂಬಿದವರೆಗೆ) 10–180 ಓಮ್‌ನದು, ಮೀಟರ್ 240–33 ಓಮ್‌ನದು ಆದರೆ ತುಂಬಿದ ಟ್ಯಾಂಕನ್ನೂ ಬಹುತೇಕ ಖಾಲಿ ಎಂದು ತೋರಿಸುತ್ತದೆ.

ಡೆಕಾಲ್‌ಗೆ ಮೊದಲು ಡಯಲನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಮನೆಯ ಪ್ರಿಂಟರಿಗೆ ಬಿಳಿ ಬಣ್ಣ ಬರುವುದಿಲ್ಲ. ಹಾಗಾಗಿ ಬಿಳಿ ಡೆಕಾಲ್ ಹಾಳೆಯ ಮೇಲೆ ಹಿನ್ನೆಲೆಯನ್ನಷ್ಟೇ ಕಪ್ಪಾಗಿ ಮುದ್ರಿಸಿ, ಅಂಕಿಗಳ ಜಾಗ ಖಾಲಿ ಬಿಡಿ. ಇಂಕ್‌ಜೆಟ್ ಆದರೆ ನೀರಿಗೆ ಹಾಕುವ ಮುನ್ನ ಕ್ಲಿಯರ್ ಲ್ಯಾಕರ್ ಮೂರು ತೆಳು ಕೋಟ್ ಕೊಡಲೇಬೇಕು, ಇಲ್ಲದಿದ್ದರೆ ಶಾಯಿ ಹರಿದುಹೋಗುತ್ತದೆ. ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಕಪ್ಪು ಮಾರ್ಕರ್ ಎಳೆಯಿರಿ. ಕೊನೆಗೆ ಮ್ಯಾಟ್ ಲ್ಯಾಕರ್.

ಇಷ್ಟೂ ಸಲೀಸು. ತಲೆನೋವು ಇರುವುದು ಮುಳ್ಳಿನಲ್ಲಿ, ಅದೂ ಕೀಳುವಾಗಲ್ಲ, ಮತ್ತೆ ಕೂರಿಸುವಾಗ. ಸೊನ್ನೆಯ ಬಳಿಯ ಪಿನ್ನಿಗೆ ಮುಳ್ಳು ಸುಮ್ಮನೆ ಒರಗಿರುವುದಿಲ್ಲ. ಒಳಗಿನ ಹೇರ್‌ಸ್ಪ್ರಿಂಗ್ (ತೆಳು ಸುರುಳಿ ಸ್ಪ್ರಿಂಗ್) ಅದನ್ನು ಪಿನ್ನಿಗೆ ಒತ್ತಿ ಹಿಡಿದಿರುತ್ತದೆ. ಮುಳ್ಳು ಕಿತ್ತ ಕೂಡಲೇ ಅಕ್ಷ ಇನ್ನಷ್ಟು ಹಿಂದಕ್ಕೆ ತಿರುಗುತ್ತದೆ. ಆಮೇಲೆ ನೇರ ಪಿನ್ನಿನ ಬಳಿಯೇ ಒತ್ತಿ ಕೂರಿಸಿದರೆ ಆ ಬಿಗಿ ಕಳೆದುಹೋಗಿ, ಮೀಟರ್ ಎಲ್ಲ ವೇಗದಲ್ಲೂ ಹೆಚ್ಚು ತೋರಿಸುತ್ತದೆ.

ಆದ್ದರಿಂದ ಕೀಳುವ ಮುನ್ನ ಮುಳ್ಳಿನ ತುದಿಯನ್ನು ಉಗುರಿನಿಂದ ಮೆಲ್ಲಗೆ ಎತ್ತಿ ಪಿನ್ ದಾಟಿಸಿ, ತಾನಾಗಿ ಎಲ್ಲಿ ನಿಲ್ಲುತ್ತದೋ ನಿಲ್ಲಲಿ. ಆ ಜಾಗವನ್ನು ಡಬ್ಬಿಯ ಅಂಚಿಗೆ ಅಂಟಿಸಿದ ಮಾಸ್ಕಿಂಗ್ ಟೇಪಿನ ಮೇಲೆ ಗುರುತು ಹಾಕಿ. ಡಯಲ್ ಮೇಲೆ ಹಾಕಿದರೆ ಉಜ್ಜುವಾಗ ಅಳಿಯುತ್ತದೆ. ಕೆಳಗೆ ರಟ್ಟು ಇಟ್ಟು, ಎರಡು ಚಮಚಗಳನ್ನು ಎದುರುಬದುರು ತೂರಿಸಿ ಒಂದೇ ಸಮ ಒತ್ತಿದರೆ ಮುಳ್ಳು ನೆಟ್ಟಗೆ ಮೇಲೆ ಬರುತ್ತದೆ. ಓರೆಯಾಗಿ ಎಳೆದರೆ ಅಕ್ಷ ಬಾಗುತ್ತದೆ. ವಾಪಸ್ ಹಾಕುವಾಗ ಅದೇ ಗುರುತಿಗೆ ಕೂರಿಸಿ, ಆಮೇಲೆ ಪಿನ್ ದಾಟಿಸಿ.

ಪರೀಕ್ಷೆಗೆ ಡ್ರಿಲ್ ಸಾಕು, ಕೇಬಲ್ ಸೇರುವ ಜಾಗಕ್ಕೆ ಜೋಡಿಸಿ ತಿರುಗಿಸಿ. ಕಿಲೋಮೀಟರಿಗೆ 1000 ಸುತ್ತಿನ ಮೀಟರಾದರೆ ನಿಮಿಷಕ್ಕೆ 1000 ಸುತ್ತಿಗೆ ಮುಳ್ಳು 60ರಲ್ಲಿ ನಿಲ್ಲಬೇಕು. ತಿರುಗುವ ದಿಕ್ಕು ಮೊದಲೇ ನೋಡಿಕೊಳ್ಳಿ.

ಬಲ್ಬುಗಳಿಗೆ ಎಲ್‌ಇಡಿ ಹಾಕಬಹುದು, ಚಾರ್ಜಿಂಗ್ ದೀಪಕ್ಕೆ ಮಾತ್ರ ಬೇಡ. ಬ್ಯಾಟರಿ ಚಾರ್ಜ್ ಮಾಡುವ ಅನೇಕ ಆಲ್ಟರ್ನೇಟರ್‌ಗಳು ಚಾರ್ಜ್ ಶುರುಮಾಡಲು ಆ ಬಲ್ಬಿನ ಮೂಲಕ ಬರುವ ಕರೆಂಟನ್ನೇ ನಂಬಿವೆ.

ದಿನಾ ಓಡುವ ಗಾಡಿ, ಒಂದು ದಿನವೂ ನಿಲ್ಲಿಸಲಾಗದು ಅಂದರೆ ಲೆಕ್ಕ ಹೊಂದುವ ಹೊಸ ಮೀಟರೇ ಸರಿ. ಕೈ ಬಿಗಿಯಿದ್ದು ಎರಡು ಭಾನುವಾರ ಬಿಡುವಿದ್ದರೆ ಡೆಕಾಲ್. ಸ್ಟಿಕ್ಕರನ್ನು ನಾನಂತೂ ಮತ್ತೆ ಅಂಟಿಸುವುದಿಲ್ಲ.